‘ಕಂಡೆ’ ಅನ್ನುವವಳು

ಟೆಮಾ
೧೨ ಜನವರಿ ೨೦೨೪

ಅಜಾರಾ ಅಕ್ಕನಿಗೆ,

ನಿನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಿಸ್‌ಮಸ್ ರಜೆ ಮುಗಿಸಿ ಕಾರ್ಖಾನೆಗೆ ಬಂದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿನ್ನ ಚಪ್ಪಲಿ ಇಲ್ಲ, ಮಣಿಸರ ತೂಗುಹಾಕುತ್ತಿದ್ದ ಮೊಳೆ ಖಾಲಿ. ಗೇಟಿನವನು ನಕ್ಕೊಂಡು ಹೇಳುತ್ತಾನೆ, “ಅಜಾರಾನಾ? ಟಮಾಲೆ ಗೋದಾಮಿಗೆ ಹೋದ್ರಲ್ಲ. ಊರಿಗೆ ಹತ್ರ ಅಂತ ಅವ್ರೇ ಕೇಳಿ ಹಾಕಿಸ್ಕೊಂಡ್ರಂತೆ, ನಿಮಗೆ ಹೇಳ್ಲಿಲ್ವಾ?” ಹೇಳಲಿಲ್ಲ. ಗೇಟಿನವನ ಬಾಯಿಂದ ಕೇಳುವ ಗತಿ ನನಗೆ ಬಂತು.

ಇಷ್ಟು ವರ್ಷ ಒಂದೇ ತಕ್ಕಡಿಯ ಎರಡು ಪಕ್ಕ ನಿಂತವರು ನಾವು. ನಾನು ಔಷಧದ ಪುಡಿ ತೂಗುವವಳು, ನೀನು ನೋಡುವವಳು. ನಾನು ಅಂಕಿ ಕೂಗಬೇಕು, ನೀನು ಬಗ್ಗಿ ನೋಡಿ ‘ಕಂಡೆ’ ಅನ್ನಬೇಕು, ಆಮೇಲೆ ಇಬ್ಬರ ಸಹಿ. ನನ್ನ ಗಂಡ, ಪಾಪ, ಬದುಕಿದ್ದಷ್ಟು ದಿನವೂ ಅವನ ಪಕ್ಕದಲ್ಲಿ ಅಷ್ಟು ಹೊತ್ತು ನಾನು ನಿಂತಿರಲಿಲ್ಲ.

ನೀನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಒಂದು ಕಂಬ, ಕಂಬದ ಮೇಲೆ ಕ್ಯಾಮೆರಾ. ತಕ್ಕಡಿಯ ಅಂಕಿ ನಿಂತ ಕ್ಷಣ ಅದೇ ಓದಿಕೊಳ್ಳುತ್ತದೆ. ನಾನು ಗುಂಡಿ ಒತ್ತಿ ಒಪ್ಪಿದರೆ ಸಾಕು, ಅಂಕಿಗೆ ಮುದ್ರೆ ಬಿತ್ತು. ಆಮೇಲೆ ದೊಡ್ಡ ಸಾಹೇಬರು ಬಂದರೂ ಒಂದು ಚುಕ್ಕಿ ಅಳಿಸಲಾರರು. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಹೋಗುತ್ತದಂತೆ ಲೆಕ್ಕ. ಕಂಪನಿಯವರು ಬ್ಲಾಕ್‌ಚೈನ್ ಅನ್ನುತ್ತಾರೆ, ನಾವು ಸರಪಳಿ ಅನ್ನುತ್ತೇವೆ. ಕ್ಯಾಮೆರಾದ ಹಿಂದಿನ ಬುದ್ಧಿಗೆ ಎಐ ಅಂತ ಹೆಸರು, ಹುಡುಗಿಯರು ಅದನ್ನು ‘ಅತ್ತೆ’ ಅನ್ನುತ್ತಾರೆ. ಕಣ್ಣು ಮಿಟುಕಿಸುವುದಿಲ್ಲ, ಮಾತಾಡುವುದೂ ಇಲ್ಲ.

ಲಾರಿ ಓಡಿಸುವ ಟೆಟ್ಟೆ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ, ಜೊತೆಗೆ ಒಣಮೀನು. ದಾರಿಯಲ್ಲಿ ಅವನು ಎಷ್ಟು ತಿಂದ ಅಂತ ಬರೆ.

ಸೆಲಾಸಿ

———

ಟಮಾಲೆ
೩ ಫೆಬ್ರವರಿ ೨೦೨೪

ಕೋಪಿಷ್ಠೆ ಸೆಲಾಸಿಗೆ,

ಮೀನು ಬಂತು, ತಲೆಗಳು ಮಾತ್ರ. “ಲಾರಿ ಕುಲುಕಿ ಪುಡಿ ಆಯ್ತು ಅಮ್ಮಾ” ಅಂತ ಟೆಟ್ಟೆ ಹಲ್ಲು ಕಿರಿದ. ಹಲ್ಲಿನ ಸಂದಿಯಲ್ಲೇ ಪುಡಿ ಕಾಣುತ್ತಿತ್ತು ಕಳ್ಳನಿಗೆ.

ಹೇಳದೆ ಬಂದೆ, ನಿಜ. ಹೇಳಿದ್ದರೆ ನೀನು ಅಳುತ್ತಿದ್ದೆ, ನಿನ್ನ ನೋಡಿ ನಾನೂ ಅಳುತ್ತಿದ್ದೆ. ಮೂಗು ಬಾಯಿ ಮುಚ್ಚುವ ಮುಖವಾಡ ಒದ್ದೆಯಾದರೆ ತೂಕದ ಕೋಣೆಗೆ ಬಿಡುವುದಿಲ್ಲ ತಾನೆ? ಅಷ್ಟೇ ಕಣೇ ವಿಷಯ. ವಯಸ್ಸಾಯಿತು, ನಮ್ಮವರ ಹತ್ತಿರ ಇರೋಣ ಅನ್ನಿಸಿತು.

ಇಲ್ಲಿ ನಮ್ಮಣ್ಣನ ವಠಾರ ಸಂತೆಯ ಹಾಗಿದೆ. ಅತ್ತಿಗೆಯರು, ಸೊಸೆಯರು, ಲೆಕ್ಕ ಸಿಗದಷ್ಟು ಮಕ್ಕಳು. ಸಂಜೆ ಒಂದೇ ದೊಡ್ಡ ಬೋಗುಣಿಯಲ್ಲಿ ಟುವೊ ಮುದ್ದೆ, ಸುತ್ತ ಎಲ್ಲರ ಕೈ. ನನಗೆ ಬೇಸರಪಡಲು ಪುರುಸೊತ್ತೇ ಇಲ್ಲ. ನೀನು ನನ್ನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಫೋನ್ ಮಾಡಬೇಡ. ಮಾತ್ರೆ ಒತ್ತುವ ಯಂತ್ರದ ಸದ್ದಿನಲ್ಲಿ ಹೋದ ಕಿವಿ, ಇಲ್ಲಿಗೆ ಬಂದರೆ ವಾಪಸ್ ಬರುತ್ತದೆಯೇ? ನೀನು ಕಿರಿಚುವುದು, ನಾನು ‘ಹಾಂ? ಹಾಂ?’ ಅನ್ನುವುದು, ನೋಡಿದವರು ಜಗಳ ಅಂದುಕೊಳ್ಳುತ್ತಾರೆ. ಕಾಗದವೇ ಬರೆ.

ಒಂದು ತಮಾಷೆ ಕೇಳು. ಗೋದಾಮಿಗೂ ಸರಪಳಿ ಬಂದಿದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಗುರುತಿನ ಚೌಕಕ್ಕೆ ಓದುವ ಯಂತ್ರ ಹಿಡಿದರೆ ಆ ಔಷಧದ ಜಾತಕವೆಲ್ಲ ಪರದೆಯ ಮೇಲೆ ಬರುತ್ತದೆ. ಪುಡಿ ಎಲ್ಲಿಂದ ಬಂತು, ಯಾರು ಒತ್ತಿದರು, ಯಾರು ತುಂಬಿದರು. ಎಲ್ಲಕ್ಕಿಂತ ಮೇಲೆ: ‘ತೂಗಿದವರು, ಸೆಲಾಸಿ ಅಗ್ಬೆಕೊ.’ ನಿನ್ನ ಹೆಸರು ನೋಡಿ “ಓಹೋ, ಇಲ್ಲಿಗೂ ಬಂದ್ಯಾ ತಾಯಿ!” ಅಂತ ಜೋರಾಗಿಯೇ ಅಂದೆ.

ಹರ್ಮಟಾನ್ ಒಣಗಾಳಿಗೆ ನಿನ್ನ ಕೈ ಒಡೆದಿರುತ್ತದೆ. ಶಿಯಾ ಬೆಣ್ಣೆ ಕಳಿಸಿದ್ದೇನೆ. ಇದನ್ನು ಟೆಟ್ಟೆ ತಿನ್ನಲಾರ.

ಅಜಾರಾ

———

ಟೆಮಾ
೨೩ ಫೆಬ್ರವರಿ ೨೦೨೪

ಅಕ್ಕ,

ಬೆಣ್ಣೆ ಹಚ್ಚಿಕೊಂಡೆ. ಬಸ್ಸಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡಳು, ನನಗೆ ಮಾತ್ರ ಹಾಯೆನಿಸಿತು.

ನೀನು ಅಷ್ಟು ಜನರ ನಡುವೆ ಇರುವುದು ಕೇಳಿ ಸಂತೋಷವೇ ಆಯಿತು. ಇನ್ನು ನಿನಗೆ ನನ್ನ ನೆನಪು ಎಲ್ಲಿಂದ ಬರಬೇಕು? ನಾನೂ ಚೆನ್ನಾಗಿಯೇ ಇದ್ದೇನೆ. ಮಧ್ಯಾಹ್ನ ಪ್ಯಾಕಿಂಗ್ ಹುಡುಗಿಯರ ಜೊತೆ ಮೆಕ್ಕೆಜೋಳದ ಕೆಂಕೆ ಕಡುಬು ತಿನ್ನುತ್ತೇನೆ, ನಗುವುದೇ ನಗುವುದು. ಮಗಳು ಯಾಯ್ರಾ ನರ್ಸಿಂಗ್ ಎರಡನೇ ವರ್ಷಕ್ಕೆ ಬಂದಳು. ಹೋ ಪಟ್ಟಣದ ಹಾಸ್ಟೆಲಿನಿಂದ ಭಾನುವಾರ ಫೋನ್ ಮಾಡಿದರೆ ಮಾಡಿದಳು. ಇನ್ನು ಎರಡು ವರ್ಷ ಈ ಕೆಲಸ ಕೈಯಲ್ಲಿದ್ದರೆ ಅವಳು ದಡ ಸೇರುತ್ತಾಳೆ, ನನಗೆ ಬೇರೆ ಆಸೆ ಇಲ್ಲ.

ಸರಪಳಿಯನ್ನು ನಾನು ಬೈಯುವುದಿಲ್ಲ. ತೂಗದೆಯೇ ತೂಗಿದೆವು ಅಂತ ಸಾಯಂಕಾಲ ಕೂತು ಒಂದೇ ಪೆನ್ನಿನಲ್ಲಿ ಹಾಳೆ ತುಂಬಿಸುತ್ತಿದ್ದವರನ್ನು ನಾವಿಬ್ಬರೂ ನೋಡಿಲ್ಲವೇ? ಮಕ್ಕಳ ಮಲೇರಿಯಾ ಮಾತ್ರೆ ಅದು. ಪುಡಿ ಕಡಿಮೆಯಾದರೆ ಜ್ವರ ಇಳಿಯುವುದಿಲ್ಲ, ತಾಯಿ ದೇವರನ್ನು ಬೈಯುತ್ತಾಳೆ. ಇನ್ನು ಆ ಆಟ ನಡೆಯುವುದಿಲ್ಲ. ನಮ್ಮಂಥವರಿಗೆ ಅದರ ಭಯ ಯಾಕೆ?

ಅತ್ತೆ ನನ್ನ ಹೆಸರಿಗೆ ಒಂದು ಎಚ್ಚರಿಕೆಯ ಹಳದಿ ಗುರುತು ಹಾಕಿದ್ದಾಳೆ ಅಂತ ಗುಣಮಟ್ಟದ ಮೇಡಂ ಎಫುವಾ ಹೇಳಿದರು. ಹೊಸದರಲ್ಲಿ ಎಲ್ಲರಿಗೂ ಬೀಳುತ್ತದಂತೆ. ದೊಡ್ಡ ವಿಷಯವಲ್ಲ.

ಸೆಲಾಸಿ

———

ಟಮಾಲೆ
೧೬ ಮಾರ್ಚ್ ೨೦೨೪

ಸೆಲಾಸಿ,

ರೋಜಾ ಉಪವಾಸದ ತಿಂಗಳು, ಗಂಟಲು ಒಣಗಿದೆ, ಆದರೂ ಬೈಯುವಷ್ಟು ಶಕ್ತಿ ಇದೆ. ಏನೇ ಆಗಿದೆ ನಿನಗೆ?

ಪರದೆಯಲ್ಲಿ ಎರಡು ಸಮಯ ತೋರಿಸುತ್ತದೆ. ತಕ್ಕಡಿಯ ಅಂಕಿ ನಿಂತದ್ದು ಒಂದು, ನೀನು ಒಪ್ಪಿ ಒತ್ತಿದ್ದು ಇನ್ನೊಂದು. ಬೇರೆಯವರದು ಎರಡೂ ಹತ್ತಿರ ಹತ್ತಿರ. ನಿನ್ನದರ ನಡುವೆ ಒಂದು ಉಸಿರು ಎಳೆದು ಬಿಡುವಷ್ಟು ಜಾಗ. ಒಂದು ಪೆಟ್ಟಿಗೆಯಲ್ಲಲ್ಲ, ಬಂದ ಪ್ರತಿ ಪೆಟ್ಟಿಗೆಯಲ್ಲೂ. ಗೋದಾಮಿನಲ್ಲಿ ಕೂತು ಇದನ್ನೇ ನೋಡುತ್ತಿದ್ದೇನೆ, ಹಳದಿ ಗುರುತು ಯಾಕೆ ಬಿತ್ತು ಅಂತ ನನಗೇ ಗೊತ್ತಾಯಿತು. ಅಂಕಿಯನ್ನು ಏನೋ ಮಾಡುತ್ತಿದ್ದಾಳೆ ಅಂತ ಯಂತ್ರಕ್ಕೆ ಅನುಮಾನ ಬರದೆ ಇನ್ನೇನು?

ಕಣ್ಣು ಮಂಜಾಗಿದೆಯಾ? ನಾಚಿಕೆ ಬಿಟ್ಟು ಕನ್ನಡಕ ಮಾಡಿಸಿಕೋ. ಇಲ್ಲಾ ಯಾರಾದರೂ ಗಂಡಸಿನ ಕನಸು ಕಾಣುತ್ತಾ ನಿಲ್ಲುತ್ತೀಯಾ? ಹಾಗಿದ್ದರೆ ಅವನ ಹೆಸರು ಬರೆ, ಒಳ್ಳೆಯವನಾದರೆ ನಾನೇ ಮದುವೆ ಮಾಡಿಸುತ್ತೇನೆ. ಕೆಲಸದ ಹೊತ್ತಿನಲ್ಲಿ ಮಾತ್ರ ಬೇಡ ತಾಯಿ. ಅಂಕಿ ನಿಂತಿತಾ, ಒತ್ತು. ಅಷ್ಟೇ.

ಯಾಯ್ರಾ ಓದು ಮುಗಿಯುವವರೆಗೆ ಆ ಕೆಲಸ ಬಿಟ್ಟೀಯಾ, ನಾನೇ ಬಂದು ಒದೆಯುತ್ತೇನೆ.

ಅಜಾರಾ

———

ಟೆಮಾ
೨೮ ಮಾರ್ಚ್ ೨೦೨೪

ಅಜಾರಾ ಅಕ್ಕನಿಗೆ,

ನನ್ನ ಕಣ್ಣು ಚೆನ್ನಾಗಿದೆ. ಯಾವ ಗಂಡಸೂ ಇಲ್ಲ.

ನೀನೂ ಆ ಕಡೆಯಿಂದ ಸಮಯ ಹಿಡಿದು ನನ್ನ ಅಳೆಯುತ್ತೀಯ ಅಂತ ಗೊತ್ತಿರಲಿಲ್ಲ. ಇಲ್ಲಿ ಒಂದು ಕ್ಯಾಮೆರಾ ಸಾಲದೆ?

ಹಬ್ಬಕ್ಕೆ ಮುಂಚಿತವಾಗಿ ಶುಭಾಶಯ. ನಿಮ್ಮ ವಠಾರದವರಿಗೆಲ್ಲ ಹೇಳು.

ಸೆಲಾಸಿ

———

ಟಮಾಲೆ
೨೦ ಏಪ್ರಿಲ್ ೨೦೨೪

ಸೆಲಾಸಿ,

ಆ ಚುಟುಕು ಕಾಗದ ಬಂದ ಮೇಲೆ ಹಬ್ಬಕ್ಕೆ ಮೊದಲು ಒಂದು ಲಾರಿ ಬಂತು, ಹಬ್ಬ ಕಳೆದು ಇನ್ನೊಂದು ಬಂತು. ಎರಡರಲ್ಲೂ ನಿನ್ನ ಕಾಗದವಿಲ್ಲ. ಟೆಟ್ಟೆಯ ಜೇಬು ನಾನೇ ತಡಕಿದೆ, “ಇಲ್ಲ ಅಂದ್ರೆ ಇಲ್ಲ ಅಮ್ಮಾ, ಬಿಡಿ, ಕಚಗುಳಿ ಆಗುತ್ತೆ” ಅಂದ. ಆಮೇಲೆ ಮುಖ ಸಣ್ಣದು ಮಾಡಿ, “ಅವ್ರನ್ನ ಆಫೀಸಿಗೆ ಕರೀತಿದಾರೆ, ದಿನಾ” ಅಂದ.

ನನ್ನ ಬಾಯಿ ಕೆಟ್ಟದ್ದು, ನಿನಗೆ ಗೊತ್ತಿರುವುದೇ. ಕಾಗದದಲ್ಲಿ ಬೈದರೆ ನಗುಮುಖ ಕಾಣುವುದಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ಆ ‘ಒದೆಯುತ್ತೇನೆ’ ಬರೆಯುವಾಗ ನಗುತ್ತಿದ್ದೆ ಕಣೇ.

ಏನಾಯಿತು? ಬರೆ. ಎರಡೇ ಸಾಲು ಸಾಕು.

ಅಜಾರಾ

———

ಟೆಮಾ
೩ ಮೇ ೨೦೨೪

ಅಕ್ಕ,

ಎರಡು ಸಾಲಿಗೆ ಮುಗಿಯುವುದಿಲ್ಲ.

ಹಳದಿ ಗುರುತುಗಳು ಸೇರಿ ಕೆಂಪಾದವು. ಕೆಂಪಾದರೆ ವಿಚಾರಣೆ. ಸರಿಯಾದ ಕಾರಣ ಕೊಡದಿದ್ದರೆ ತೂಕದ ಕೋಣೆಯಿಂದ ಹೊರಗೆ, ಜೂನ್‌ನಲ್ಲಿ ಕೆಲಸದ ಕರಾರು ಮುಗಿದರೆ ಮತ್ತೆ ಬರೆಸಿಕೊಳ್ಳುವುದೂ ಇಲ್ಲ. ಮೇಡಂ ಎಫುವಾ ಒಳ್ಳೆಯವರೇ. ಕೂರಿಸಿ, ನೀರು ಕೊಟ್ಟು, ಪರದೆ ನನ್ನ ಕಡೆ ತಿರುಗಿಸಿದರು. ಸಾಲುಸಾಲಾಗಿ ನನ್ನ ತೂಕಗಳು, ಪ್ರತಿಯೊಂದರ ಪಕ್ಕ ಒಂದೇ ಅಳತೆಯ ಖಾಲಿ ಜಾಗ.

“ಸೆಲಾಸಿ, ತೂಕ ಒಂದೂ ತಪ್ಪಿಲ್ಲ,” ಅಂದರು. “ಆದ್ರೆ ಈ ಹೊತ್ತಲ್ಲಿ ಏನ್ ಮಾಡ್ತಿದ್ರಿ? ನಾಳೆ ತಪಾಸಣೆಯವ್ರು ನನ್ನನ್ನ ಕೇಳ್ತಾರೆ.”

“ಏನೂ ಮಾಡ್ತಿರ್ಲಿಲ್ಲ ಮೇಡಂ. ಸುಮ್ನೆ ನಿಂತಿದ್ದೆ.”

“ಸುಮ್ನೆ ಅಂದ್ರೆ ಹೇಗಮ್ಮಾ? ಯಂತ್ರ ಸುಳ್ಳು ಹೇಳ್ತಿಲ್ಲ. ನೀವು ನಿಂತಿದ್ದು ನಿಜ. ಯಾಕೆ ಅಂತ ಅದಕ್ಕೆ ಗೊತ್ತಾಗಲ್ಲ, ನೀವೇ ಹೇಳ್ಬೇಕು.”

ಅವರಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಅಂಕಿ ನಿಂತ ಕೂಡಲೇ ನಾನು ಈಗಲೂ ಕೂಗುತ್ತೇನೆ ಅಕ್ಕ, ಮುಖವಾಡದೊಳಗೆ. ಕೂಗಿ ನಿಲ್ಲುತ್ತೇನೆ. ನೀನು ‘ಕಂಡೆ’ ಅನ್ನುವಷ್ಟು ಹೊತ್ತು. ನೀನು ಇಲ್ಲ ಅಂತ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಆ ಮಾತು ಕಿವಿಗೆ ಬೀಳದೆ ಬೆರಳು ಗುಂಡಿಯ ಮೇಲೆ ಹೋಗುವುದೇ ಇಲ್ಲ. ನೀನು ಬೈದ ಮೇಲೆ ಬೇಗ ಒತ್ತಲು ನೋಡಿದೆ. ಎರಡು ತೂಕ ಸರಿಹೋಯಿತು, ಮೂರನೆಯದಕ್ಕೆ ಮತ್ತೆ ನಿಂತಿದ್ದೆ. ಇದನ್ನು ಆಫೀಸಿನಲ್ಲಿ ಹೇಗೆ ಹೇಳಲಿ? ಇಲ್ಲದವಳಿಗೆ ಕಾಯುತ್ತಾಳೆ, ತಲೆ ಕೆಟ್ಟಿದೆ ಅನ್ನುವುದಿಲ್ಲವೇ? ತಲೆ ಕೆಟ್ಟವಳ ಕೈಗೆ ಯಾರು ಔಷಧದ ಪುಡಿ ಕೊಡುತ್ತಾರೆ?

ಪ್ಯಾಕಿಂಗ್ ಹುಡುಗಿಯರ ಜೊತೆ ಊಟ, ನಗು, ಎಲ್ಲ ಸುಳ್ಳು. ಅವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನ್ ನೋಡುತ್ತಾ ತಿನ್ನುತ್ತಾರೆ. ನಾನು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಒಬ್ಬಳೇ ತಿನ್ನುತ್ತೇನೆ, ನಿನ್ನ ಮೊಳೆಯ ಕೆಳಗೆ. ಬೆಳಗ್ಗೆಯಿಂದ ಸಂಜೆವರೆಗೆ ಯಾರೂ ನನ್ನ ಹೆಸರು ಹಿಡಿದು ಕರೆಯದ ದಿನಗಳೂ ಇವೆ.

ಇನ್ನೊಂದು ಮಾತು. ನಾನು ಬಾಯಿ ಬಿಡದ್ದನ್ನು ನೋಡಿ ಮೇಡಂ ಬೇಸರದಿಂದ ಅಂದರು, “ನಿಮಗೋಸ್ಕರ ಅಜಾರಾ ಅಷ್ಟು ಮಾಡಿದ್ದಕ್ಕಾದ್ರೂ ಮಾತಾಡಿ.” ಏನು ಮಾಡಿದಳು ಅಂದೆ. ಕ್ಯಾಮೆರಾ ಬಂದರೆ ತಕ್ಕಡಿಗೆ ಒಬ್ಬಳೇ ಸಾಕು, ಇನ್ನೊಬ್ಬಳು ಟಮಾಲೆಗೆ ಹೋಗಬೇಕು ಅಂತ ಅವರು ಬರೆದಿದ್ದದ್ದು ನನ್ನ ಹೆಸರಂತೆ. ನೀನು ಮೇಡಂ ಹತ್ತಿರ ಹೋಗಿ, ‘ಅವಳಿಗೆ ಓದುವ ಮಗಳಿದ್ದಾಳೆ, ನನ್ನ ಹೆಸರು ಹಾಕಿ’ ಅಂದೆಯಂತೆ. ನನಗೆ ಹೇಳಬಾರದು ಅಂತ ಆಣೆ ಬೇರೆ ಹಾಕಿಸಿದೆಯಂತೆ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಾಲ್ಕು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಶಪಿಸಿದೆನಲ್ಲ, ಪಾಪಿ ನಾನು. ನೀನು ಕೊಟ್ಟು ಹೋದ ಕೆಲಸವನ್ನು ನಿನಗೆ ಕಾಯುತ್ತಾ ಕಳೆದುಕೊಳ್ಳುತ್ತಿದ್ದೇನೆ.

ಸೋಮವಾರದೊಳಗೆ ಕಾರಣ ಬರೆಯಬೇಕು. ಸರಪಳಿಯಲ್ಲಿ ಏನನ್ನೂ ಅಳಿಸಲಾಗದು, ಪಕ್ಕದಲ್ಲಿ ಸೇರಿಸಬಹುದು ಅಷ್ಟೇ, ಸೇರಿಸಿದ್ದು ಶಾಶ್ವತ. ಪ್ಯಾಕಿಂಗ್ ಮೇಲ್ವಿಚಾರಕ ಕಿವಿಯಲ್ಲಿ ಹೇಳಿದ, “ಕಣ್ಣು ಮಂಜು ಅಂತ ಬರೀರಿ, ಕನ್ನಡಕ ಹಾಕ್ಕೊಳ್ಳಿ, ಮುಗೀತು.” ಸುಲಭ. ಆದರೆ ಇಷ್ಟು ವರ್ಷ ಒಂದು ಸುಳ್ಳು ಅಂಕಿ ಬರೆಯದ ಕೈ ಇದು, ನೀನು ಪಕ್ಕದಲ್ಲಿ ನಿಂತು ನೋಡಿದ ಕೈ.

ನಿನ್ನ ಉತ್ತರ ಬರುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ಗೊತ್ತಿದ್ದೂ ಕೇಳುತ್ತೇನೆ: ಏನು ಬರೆಯಲಿ ಅಕ್ಕ?

ನಿನ್ನ
ಸೆಲಾಸಿ

———

ಟಮಾಲೆ
೧೫ ಮೇ ೨೦೨೪

ನನ್ನ ಸೆಲಾಸಿ,

ನಿನ್ನ ಕಾಗದಕ್ಕಿಂತ ಮೊದಲು ನಿನ್ನ ಉತ್ತರ ನೋಡಿದೆ. ಎಳನೀರು ಕೆತ್ತಿಸಿಕೊಂಡು ಟೆಟ್ಟೆ ಹೊರಗೆ ಕುಡಿಯುತ್ತಿದ್ದ. ಲಾರಿ ದಾರಿಯಲ್ಲಿ ಕೆಟ್ಟು ವಾರ ನಿಂತಿತ್ತಂತೆ. ಅವನು ಬರುವುದರೊಳಗೆ ಪೆಟ್ಟಿಗೆ ಇಳಿಸಿಕೊಂಡು ಮೊದಲನೆಯದಕ್ಕೆ ಯಂತ್ರ ಹಿಡಿದೆ. ನಿನ್ನ ಹೆಸರು, ಪಕ್ಕದಲ್ಲಿ ಕೆಂಪು, ಅದರ ಕೆಳಗೆ ಹೊಸದಾಗಿ ಸೇರಿಸಿದ ಸಾಲು:

‘ತಡಕ್ಕೆ ಕಾರಣ: ಅಂಕಿ ಕೂಗಿದ ಮೇಲೆ ಅಜಾರಾ ಅಕ್ಕ ಕಂಡೆ ಅನ್ನುವವರೆಗೆ ಕಾಯುವುದು ರೂಢಿ. ಅವರು ಈಗ ಇಲ್ಲಿಲ್ಲ. ಕೈ ಇನ್ನೂ ಕಾಯುತ್ತಿದೆ.’

ಇದನ್ನೇ ನಾನು ಕನ್ನಡಕ ಅಂದೆ, ಗಂಡಸು ಅಂದೆ. ಪರದೆಯಲ್ಲಿ ಅಷ್ಟು ದಿನ ನೋಡಿದೆನಲ್ಲ, ಅದು ನಾನೇ ನಿಲ್ಲುತ್ತಿದ್ದ ಜಾಗ ಅಂತ ನನಗೆ ಹೊಳೆಯಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಇನ್ನು ನನ್ನ ಸುಳ್ಳು ಕೇಳು. ಅಣ್ಣನ ವಠಾರ ಅಂತ ಒಂದಿತ್ತು, ನಾನು ಬರುವ ಮೊದಲೇ ಎಲ್ಲರೂ ಕುಮಾಸಿ ಪಟ್ಟಣ ಸೇರಿದ್ದರು. ನಾನು ಗೋದಾಮಿನ ಹಿಂದಿನ ಕೋಣೆಯಲ್ಲಿದ್ದೇನೆ. ಮುದ್ದೆಯನ್ನು ಸಣ್ಣ ಬಟ್ಟಲಲ್ಲಿ ಮಾಡಿಕೊಳ್ಳುತ್ತೇನೆ, ಒಂದೇ ಕೈ. ಉಪವಾಸ ಬಿಡುವಾಗ ಖರ್ಜೂರ ನನಗೆ ನಾನೇ ಕೊಟ್ಟುಕೊಂಡೆ. ನೀನು ಬರಬೇಕಾಗಿದ್ದ ಕೋಣೆ ಇದು, ಇಲ್ಲಿ ನೀನು ಒಂದು ತಿಂಗಳು ತಡೆಯುತ್ತಿರಲಿಲ್ಲ. ನನಗೇನು, ಕಿವುಡಿ, ಎಲ್ಲಿದ್ದರೂ ಅಷ್ಟೇ ಸದ್ದು. ಹಾಗಂದುಕೊಂಡು ಬಂದೆ. ಅಷ್ಟೇ ಅಲ್ಲ ಅಂತ ಬಂದ ಮೇಲೆ ಗೊತ್ತಾಯಿತು.

ನೀನು ಕೂಗುತ್ತಿದ್ದ ಅಂಕಿ ನನಗೆ ಎಂದೂ ಕೇಳಿಸಿದ್ದೇ ಇಲ್ಲ, ಗೊತ್ತಾ? ಆ ಮುಖವಾಡ, ಈ ಕಿವಿ. ನಿನ್ನ ಭುಜ ಸ್ವಲ್ಪ ಮೇಲೆ ಹೋಗಿ ಇಳಿಯುತ್ತಿತ್ತು, ಕೂಗಿದಳು ಅಂತ ತಿಳಿದು ಬಗ್ಗಿ ತಕ್ಕಡಿ ನೋಡುತ್ತಿದ್ದೆ. ನೋಡಿಯೇ ಹೇಳುತ್ತಿದ್ದೆ. ಒಂದು ದಿನವೂ ನೋಡದೆ ಹೇಳಿಲ್ಲ.

ನೀನು ಬರೆದದ್ದು ಸರಿ. ಮೇಡಂ ಏನಂದರು?

ಅಜಾರಾ

———

ಟೆಮಾ
೭ ಜೂನ್ ೨೦೨೪

ಅಕ್ಕ,

ಕೆಲಸ ಉಳಿಯಿತು. ಎರಡು ವರ್ಷಕ್ಕೆ ಬರೆದುಕೊಟ್ಟರು.

ನನ್ನ ಸಾಲನ್ನು ಮೇಡಂ ಎಫುವಾ ಎರಡು ಸಲ ಓದಿದರು. ಆಮೇಲೆ “ಇದು ಮೋಸ ಅಲ್ಲ, ಕಾರಣ ಒಪ್ಪಿದೀನಿ. ಆದ್ರೆ ಕಾಯೋದು ನಿಲ್ಲಬೇಕು ಸೆಲಾಸಿ” ಅಂದರು. ಬೈದದ್ದಲ್ಲ. ನಿನ್ನನ್ನು ವಾಪಸ್ ಕರೆಸಿ ಅಂತ ಕೇಳಿದೆ ನಾನು. ಆ ಜಾಗವೇ ಈಗ ಇಲ್ಲವಲ್ಲ ಅಂದರು.

ವಾರವಿಡೀ ತರಬೇತಿ ಕೊಟ್ಟರು. ತಕ್ಕಡಿಗೆ ಒಂದು ಗಂಟೆ ಕಟ್ಟಿದ್ದಾರೆ. ಅಂಕಿ ನಿಂತರೆ ಟಣ್ ಅನ್ನುತ್ತದೆ, ಟಣ್ ಅಂದರೆ ಒತ್ತಬೇಕು. ಕೈ ಕಲಿತುಕೊಂಡಿತು, ನಾಯಿಮರಿಯ ಹಾಗೆ. ಈಗ ಅಂಕಿ ಕೂಗುವುದೂ ಇಲ್ಲ. ಅತ್ತೆಗೆ ಸಮಾಧಾನ, ಒಂದು ಹಳದಿಯೂ ಇಲ್ಲ.

ಯಾಯ್ರಾಗೆ ನಿನ್ನ ವಿಷಯವೆಲ್ಲ ಹೇಳಿದೆ. “ಅಮ್ಮಾ, ರಜಕ್ಕೆ ನಾವೇ ಟಮಾಲೆಗೆ ಹೋಗೋಣ” ಅಂದಳು. ರಜ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಮೀನು ತಿನ್ನು. ಈ ಸಲ ಡಬ್ಬಕ್ಕೆ ಬೀಗ ಹಾಕಿದ್ದೇನೆ, ಬೀಗದ ಕೈ ಈ ಲಕೋಟೆಯಲ್ಲಿದೆ.

ನಿನ್ನ
ಸೆಲಾಸಿ

———

ಟಮಾಲೆ
೨೬ ಜೂನ್ ೨೦೨೪

ಸೆಲಾಸಿ,

ಮೀನು ಇಡಿಯಾಗಿ ಬಂತು. ಟೆಟ್ಟೆ ಮುಖ ಊದಿಸಿಕೊಂಡಿದ್ದ, ಎರಡು ಅವನಿಗೇ ಕೊಟ್ಟೆ.

ಹೊಸ ಪೆಟ್ಟಿಗೆಗಳನ್ನು ನೋಡಿದೆ. ಅಂಕಿ ನಿಂತದ್ದು, ನೀನು ಒತ್ತಿದ್ದು, ಎರಡೂ ಅಂಟಿಕೊಂಡಿವೆ. ನಡುವೆ ಒಂದು ಕೂದಲು ತೂರಿಸುವಷ್ಟೂ ಜಾಗವಿಲ್ಲ. ಜಾಣೆ. ಹೀಗೇ ಇರು. ನನಗೆ ಬೇಕಾದದ್ದೂ ಅದೇ ಆಗಿತ್ತು, ನಿನ್ನ ಕೆಲಸ ಉಳಿಯಬೇಕು, ಮಗಳು ದಡ ಸೇರಬೇಕು. ಆದರೂ ಹಳೆಯ ಪೆಟ್ಟಿಗೆಯೊಂದು ಮೂಲೆಯಲ್ಲಿ ಉಳಿದಿತ್ತು, ಅದಕ್ಕೆ ಮತ್ತೆ ಯಂತ್ರ ಹಿಡಿದು ಪರದೆಯಲ್ಲಿ ಆ ಖಾಲಿ ಜಾಗವನ್ನು ನೋಡಿದೆ. ಅದನ್ನು ಯಾರೂ ಅಳಿಸಲಾರರಲ್ಲ, ಅಷ್ಟು ಮಟ್ಟಿಗೆ ಸರಪಳಿಗೆ ನಾನೂ ಋಣಿ.

ನಿನ್ನೆಯಿಂದ ನನಗೊಂದು ಅಭ್ಯಾಸ ಹತ್ತಿದೆ. ಪೆಟ್ಟಿಗೆಗೆ ಯಂತ್ರ ಹಿಡಿದಾಗ ನಿನ್ನ ಹೆಸರು ಬರುತ್ತದೆ, ಅದರ ಮುಂದೆ ತೂಕದ ಅಂಕಿ. ಬಗ್ಗಿ ನೋಡುತ್ತೇನೆ, ಮೊದಲು ನೋಡುತ್ತಿದ್ದ ಹಾಗೆಯೇ. ನೋಡಿ ‘ಕಂಡೆ’ ಅನ್ನುತ್ತೇನೆ. ಆಮೇಲೆ ಪೆಟ್ಟಿಗೆ ಬಂತು ಅಂತ ಒಪ್ಪುವ ಗುಂಡಿ ಒತ್ತುತ್ತೇನೆ. ಗೋದಾಮಿನಲ್ಲಿ ಯಾರೂ ಇರುವುದಿಲ್ಲ, ನನ್ನ ದನಿ ನನಗೇ ಸರಿಯಾಗಿ ಕೇಳಿಸುವುದೂ ಇಲ್ಲ.

ಇವತ್ತು ಬೆಳಗ್ಗೆ ನನ್ನ ಪರದೆಯ ಮೇಲೂ ಹಳದಿ ಬಂತು. ತಡಕ್ಕೆ ಕಾರಣವೇನು ಅಂತ ಕೇಳಿತು. ಒಂದೇ ಸಾಲು ಬರೆದು ಮುದ್ರೆ ಒತ್ತಿದೆ:

‘ಟೆಮಾದಿಂದ ಕೂಗಿದರು. ಉತ್ತರ ಹೇಳುತ್ತಿದ್ದೆ.’

ಅಜಾರಾ